ಸೊಕ್ಕೆಯ ಮಂಗಗಳಿಗೆ ಹಾಕಿದ ಬೋರ್ಡು

ಮೊನ್ನೆ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಬಿಸಿ ಮರಳಲ್ಲಿ ಶೇಂಗಾ ಹುರಿಯುವ ವಾಸನೆ ಬಂತು. ಡಾಕ್ಟರು ನನಗೆ ಶೇಂಗಾ ಬೇಡವೆಂದಿದ್ದಾರೆ; ವಾಸನೆ ಬೇಡವೆಂದಿಲ್ಲ. ಅಲ್ಲೇ ನಿಂತು ಮನಸಾರೆ ಮೂಸಿದೆ. ಅಷ್ಟರಲ್ಲಿ ನ್ಯಾಮತಿ ಬಸ್ಸು ಹೊರಟುಹೋಯಿತು. ಹೋಗಲಿ ಬಿಡಿ. ನಿಮಗೂ ಅವಸರವಿಲ್ಲದಿದ್ದರೆ ಗುರುಸಿದ್ದಪ್ಪನವರ ವಿಷಯ ಹೇಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಜಗಳೂರು ತಾಲ್ಲೂಕಿನ ಸೊಕ್ಕೆಗೆ ನಾನು ಹೊಸ ಮೇಷ್ಟ್ರಾಗಿ ಹೋಗಿದ್ದೆ. ಗುರುಸಿದ್ದಪ್ಪನವರು ಅಲ್ಲಿನ ಶೇಂಗಾ ಬೆಳೆಗಾರರು. ಕವಣೆ ಬೀಸುವುದರಲ್ಲಿ ಊರಿಗೇ ಮೊದಲಿಗರು. ಅವರ ಕಲ್ಲಿಗೆ ಗುರಿ ಯಾವಾಗಲೂ ಒಂದೇ, ರಸ್ತೆ ಪಕ್ಕದ ಹುಣಸೆ ತೋಪಿನ ಮಂಗಗಳು. ಅವು ಹೊಲಕ್ಕಿಳಿದು ಗಿಡವನ್ನೇ ಕಿತ್ತು, ಕಾಯಿ ಬಿಡಿಸಿ ತಿಂದು, ಬಳ್ಳಿಯನ್ನು ಅಲ್ಲೇ ಎಸೆದು ಹೋಗುತ್ತಿದ್ದವು. ಕಡೆಗೆ ಊರವರೆಲ್ಲ ಸೇರಿ ಅವನ್ನು ಹಿಡಿದು ಎಲ್ಲಿಗಾದರೂ ಸಾಗಿಸಿ ಎಂದು ಅರ್ಜಿ ಕೊಟ್ಟರು. ಬರೆದವನು ನಾನು. ಅಕ್ಷರ ದುಂಡಗಿದೆಯೆಂದು ಯಾರಾದರೂ ಹೊಗಳಿದರೆ ಆ ಕಾಲದಲ್ಲಿ ನಾನು ಏನು ಬೇಕಾದರೂ ಬರೆದುಕೊಡುತ್ತಿದ್ದೆ. ನನ್ನ ಗಡ್ಡದ ಕನ್ನಡಿಯನ್ನು ಒಂದು ಮಂಗ ಒಯ್ದದ್ದನ್ನೂ ಎರಡನೇ ಪ್ಯಾರಾದಲ್ಲಿ ತುರುಕಿದೆ. ಊರಿನ ಅರ್ಜಿಯಲ್ಲಿ ಕನ್ನಡಿಗೇನು ಕೆಲಸ ಎಂದು ಯಾರೂ ಕೇಳಲಿಲ್ಲ.

ಅದಾದ ವಾರಕ್ಕೆ ಶಾಲಾ ಪ್ರವಾಸ ಹೊರಟಿತು. ಹಿರಿಯರೊಬ್ಬರಿರಲಿ ಎಂದು ಗುರುಸಿದ್ದಪ್ಪನವರೂ ಬಂದರು, ಒಂದು ಚೀಲ ಹುರಿದ ಶೇಂಗಾ ಸಮೇತ. ಮೃಗಾಲಯದಲ್ಲಿ ಹುಲಿಯನ್ನೂ ಆನೆಯನ್ನೂ ನಡೆಯುತ್ತಲೇ ನೋಡಿ ಮುಗಿಸಿದವರು ಸಿಂಗಳೀಕದ ಬೋನಿನ ಮುಂದೆ ನಿಂತುಬಿಟ್ಟರು. ಕಪ್ಪು ಮೈ, ಮುಖದ ಸುತ್ತ ಬೂದು ಕೂದಲು; ಅದು ಮರಿಯ ತಲೆಯಲ್ಲಿ ಹೇನು ಹುಡುಕುತ್ತಿತ್ತು. ಇವರು ಒಂದು ಹಿಡಿ ಶೇಂಗಾ ಚಾಚಿದರು. ಊರಲ್ಲಿ ಕವಣೆ ಬೀಸುವ ಅದೇ ಕೈ. ಕಾವಲಿನವನು ಓಡಿಬಂದು ತಡೆದ. ಜನ ಕೊಟ್ಟದ್ದು ತಿಂದರೆ ಅದಕ್ಕೆ ಕಾಯಿಲೆಯಾಗುತ್ತದಂತೆ.

“ನಮ್ಮೂರಾಗೆ ಕೊಡ್ದಿದ್ರೂ ತಿಂತಾವೆ. ಇಲ್ಲಿ ಕೊಟ್ರೂ ಬ್ಯಾಡ ಅಂತೀಯಲ್ಲಪ್ಪ,” ಎಂದು ಇವರು ಮುನಿಸಿಕೊಂಡರು.

ಮುನಿಸಿನಲ್ಲೇ ಬೋನಿನ ಬೋರ್ಡು ಓದತೊಡಗಿದರು. ಅವರ ಓದು ಅಕ್ಷರ ಅಕ್ಷರ ಕೂಡಿಸಿ, ಗಟ್ಟಿಯಾಗಿ. ಹಿಂದೆ ಜನರ ಸಾಲೇ ನಿಂತಿತು. ಹೆಸರು, ಆಹಾರ, ವಾಸ. ಕೊನೆಗೆ, ಕಾಡಿನಲ್ಲಿ ಇದು ಬಹಳ ಕಡಿಮೆ ಉಳಿದಿದೆ ಎಂಬ ಸಾಲು. ಅದನ್ನು ಎರಡು ಸಲ ಓದಿದರು. ಆಮೇಲೆ, ನಮ್ಮ ಕಡೆಯ ಮಂಗ ಇಲ್ಲಿ ಯಾಕಿಲ್ಲ ಎಂದು ಕಾವಲಿನವನನ್ನು ಕೇಳಿದರು.

“ಅದು ಎಲ್ಲಾ ಕಡೆ ಇದೆಯಲ್ಲ ಯಜಮಾನ್ರೇ. ಕಡಿಮೆ ಆಗ್ಲಿ, ಅದಕ್ಕೂ ಬೋರ್ಡು ಹಾಕ್ತೀವಿ,” ಎಂದ ಅವನು.

ಅವನು ತಮಾಷೆಗೆ ಅಂದಿರಬೇಕು. ಇವರು ಊಟ ಬಿಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಬಂದು ಕೂತು, “ಮೇಷ್ಟ್ರೆ, ಆ ಅರ್ಜಿ ವಾಪಸ್ ತರಾಕೆ ಆಗ್ತೈತಾ?” ಎಂದರು. ಆಗುವಂತಿರಲಿಲ್ಲ. ಊರು ಮುಟ್ಟಿದರೆ, ಬುಧವಾರ ಮಂಗ ಹಿಡಿಯುವ ಬೋನು ಬರುತ್ತದೆಂಬ ಸುದ್ದಿ ಕಾದಿತ್ತು.

ಉಳಿದದ್ದು ಮೂರು ದಿನ. ಗುರುಸಿದ್ದಪ್ಪನವರು ಒಂದು ತಗಡು, ಒಂದು ಡಬ್ಬಿ ಬಣ್ಣ ತಂದು ನನ್ನ ಮುಂದಿಟ್ಟರು. ಅರ್ಜಿ ಬರೆದ ಅದೇ ದುಂಡಗಿನ ಅಕ್ಷರದಲ್ಲಿ ನಾನು ಬರೆದೆ: “ಹೆಸರು: ಮಂಗ. ವಾಸ: ಸೊಕ್ಕೆಯ ಹುಣಸೆ ತೋಪು. ಆಹಾರ: ನಮ್ಮ ಶೇಂಗಾ. ಸದ್ಯಕ್ಕೆ ಸಾಕಷ್ಟು ಇವೆ.” ತೋಪಿನಲ್ಲಿ ಬಸ್ಸಿಗೆ ಜನ ಕಾಯುವ ಮರಕ್ಕೇ ಅದನ್ನು ಹೊಡೆದೆವು.

ಜನ ಓದಿ ನಕ್ಕರು. ನಕ್ಕವರು ಸಹಜವಾಗಿ ತಲೆ ಎತ್ತಿ ನೋಡಿದರು. ಅಷ್ಟು ವರ್ಷ ಅಟ್ಟಿಸಿಕೊಂಡು ಹೋದವರೇ ಎಲ್ಲ, ನಿಂತು ನೋಡಿದವರು ಒಬ್ಬರೂ ಇರಲಿಲ್ಲ. ಬಸ್ಸು ತಡವಾಗಿ ಬರುತ್ತಿದ್ದುದೂ ಒಳ್ಳೆಯದೇ ಆಯಿತು. ಬಾಲ ಮೊಂಡಾದ ಗಡವ, ಕುಂಟುವ ಹೆಣ್ಣು, ತಾಯಿಯ ಹೊಟ್ಟೆಗೆ ಜೋತುಬಿದ್ದ ಎಳೆ ಮರಿ, ಬುಧವಾರದ ಹೊತ್ತಿಗೆ ಒಬ್ಬೊಬ್ಬರಿಗೆ ಒಂದೊಂದು ಗುರುತಾಗಿತ್ತು.

ಬೋನಿನವನು ಬಂದ. ಹಿಡಿಯಬೇಡ ಎಂದು ಯಾರೂ ಹೇಳಲಿಲ್ಲ. ಅರ್ಜಿ ಕೊಟ್ಟವರು ಯಾವ ಬಾಯಲ್ಲಿ ಹೇಳುವುದು? ಎಲ್ಲ ಹಿಡಿ, ಮೊಂಡು ಬಾಲದ್ದೊಂದು ಬಿಡು ಎಂದರು ಟೈಲರ್ ಇಮಾಮ್ ಸಾಬರು. ಎಲ್ಲ ಹಿಡಿ, ಮರಿ ಹೊತ್ತದ್ದನ್ನು ಮುಟ್ಟಬೇಡ ಎಂದರು ಗೌರಮ್ಮ. ಕುಂಟಿಯ ಪರವಾಗಿ ಮೂವರು ಬಂದರು. ಇಷ್ಟರಲ್ಲಿ ನನ್ನ ಕನ್ನಡಿ ಕದ್ದ ಕಳ್ಳ ಬೋನಿನೊಳಗಿನ ಬಾಳೆಹಣ್ಣಿಗೆ ಕೈ ಚಾಚಿತು. ನಾನೇ ಓಡಿಹೋಗಿ ಕೊಡೆ ಬಿಚ್ಚಿ ಅದನ್ನು ಹೆದರಿಸಿ ಓಡಿಸಿದೆ. ಎರಡನೇ ಪ್ಯಾರಾ ಬರೆದವನು ನಾನೇ ಎಂಬುದನ್ನು ಎಲ್ಲರೂ ಬಲ್ಲರು. ನಾಚಿಕೆಯಾಯಿತು, ಆದರೂ ಕೊಡೆ ಮಡಚಲಿಲ್ಲ.

ಬೋನಿನವನು ಬೆವರು ಒರೆಸಿಕೊಂಡು, “ಹಿಡಿಯಾಕೆ ಅಂತ ಒಂದನ್ನಾದ್ರೂ ತೋರಿಸ್ರಪ್ಪ,” ಎಂದ.

ಗುರುಸಿದ್ದಪ್ಪನವರು ತೋಪಿನ ತುಂಬ ಕಣ್ಣಾಡಿಸಿ ನಿಧಾನವಾಗಿ ಹೇಳಿದರು: “ಹೆಚ್ಚಿಗೆ ಅನ್ನೋದು ಯಾವ್ದೂ ಇಲ್ಲಪ್ಪ.”

ಅವನು ಟೀ ಕುಡಿದು ಖಾಲಿ ಬೋನಿನೊಂದಿಗೆ ಹೋದ. ಮಂಗಗಳೇನೂ ಉಪಕಾರ ನೆನೆಯಲಿಲ್ಲ. ಮರುವಾರವೇ ಗುರುಸಿದ್ದಪ್ಪನವರ ಹೊಲದ ಒಂದು ಮೂಲೆ ಬೋಳಾಯಿತು, ತಗಡನ್ನೂ ಕಿತ್ತು ಬಿಸಾಡಿದ್ದವು. ಓದಲು ಬಾರದವಕ್ಕೆ ಏನು ಹೇಳುವುದು ಎಂದು ಅವರು ಮತ್ತೆ ಮೊಳೆ ಹೊಡೆದರು. ಕವಣೆಯನ್ನೂ ಬಿಡಲಿಲ್ಲ, ಗುರಿ ಮಾತ್ರ ಮಂಗದಿಂದ ಒಂದು ಮಾರು ಆಚೆಗೆ ಸರಿಯಿತು. ಕಾಯಿ ಬಲಿಯುವ ತಿಂಗಳಲ್ಲಿ ಊರವರು ಸರದಿಯ ಮೇಲೆ ಹೊಲ ಕಾಯುವುದೆಂದಾಯಿತು. ಭಾನುವಾರದ ಸರದಿ ನನ್ನದು. ನನ್ನ ಕಾವಲಿನಲ್ಲೇ ಅವು ಹೆಚ್ಚು ತಿಂದವೆಂಬ ದೂರು ಇಂದಿಗೂ ಇದೆ.

ಈಗ ಗುರುಸಿದ್ದಪ್ಪನವರಿಲ್ಲ. ಮೊನ್ನೆ ಮುಂದಿನ ನ್ಯಾಮತಿ ಬಸ್ಸೂ ಬಂತು. ನಾನು ಹತ್ತಲಿಲ್ಲ. ದಾವಣಗೆರೆ ಬಸ್ಸು ಹತ್ತಿ, ಅಲ್ಲಿ ಇಳಿದು ಜಗಳೂರು ಬಸ್ಸು ಹಿಡಿದು ಸೊಕ್ಕೆಗೆ ಹೋದೆ. ತೋಪಿನಲ್ಲಿ ನಾಲ್ಕು ಮರ ಉಳಿದಿವೆ, ಬೋರ್ಡಿಲ್ಲ. ಮಂಗಗಳು ಬಹಳ ಕಡಿಮೆ ಕಂಡವು. ಎಣಿಸೋಣವೆಂದು ಕೋಲೆತ್ತಿ ಒಂದರತ್ತ ತೋರಿಸಿದೆ. ಬಸ್ಸಿಗೆ ಕಾಯುತ್ತಿದ್ದ ಯುವತಿಯೊಬ್ಬಳು ಕೂತಲ್ಲಿಂದ ಎದ್ದು ಬಂದಳು. ನನ್ನನ್ನು ಅವಳು ಹುಟ್ಟಿದಾಗಿನಿಂದ ಕಂಡವಳಲ್ಲ.

“ಕೋಲು ಇಳಿಸ್ರಿ ಅಜ್ಜಾರೆ,” ಎಂದಳು. “ಅದು ನಮ್ಮನೇದು.”