ಕೂಗುವ ಡಬ್ಬಿ

ಫೋನ್ ಮಾಡಿದರೆ ಆ ಕಡೆಯವರು ಎತ್ತುವ ಮೊದಲೇ ಯಾರೋ ಹೆಂಗಸು ಎಚ್ಚರಿಕೆ ಹೇಳುತ್ತಾಳೆ. ಕಸದ ಗಾಡಿ ಹಾಡಿಕೊಂಡು ಬರುತ್ತದೆ. ಬಾಯಿಲ್ಲದ ಈ ಮಾತುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಎದುರಿಗಿರುವ ಮನುಷ್ಯನಿಗೆ ಸಾಕಪ್ಪಾ ಅಂದರೆ ಸುಮ್ಮನಾಗುತ್ತಾನೆ; ಇವಕ್ಕೆ ಹೇಳಿ ಪ್ರಯೋಜನವಿಲ್ಲ. ಆದರೆ ಇವು ಬರೀ ಕಿರಿಕಿರಿ. ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಸೊಪ್ಪಿನವನ ಡಬ್ಬಿ.

ಮಧುಗಿರಿಯಲ್ಲಿ ನಮ್ಮ ಮನೆ ಬೆಟ್ಟದ ಬುಡದ ಬೀದಿಯಲ್ಲಿದೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಮಿಷನ್ ಇರುವುದು ಕಿಟಕಿಯ ಪಕ್ಕ, ಹಾಗಾಗಿ ಬೀದಿಯ ಸದ್ದೆಲ್ಲ ನನ್ನ ಪಾಲಿಗೆ. ಸೊಪ್ಪಿನವನು ಕೊರಟಗೆರೆ ರಸ್ತೆಯ ಒಂದು ಹಳ್ಳಿಯಿಂದ ಬರುತ್ತಿದ್ದ. ಕುರಿ ಕಾಯುವ ಮನೆತನ. ಇವನ ಕಾಲಕ್ಕೆ ಕುರಿ ಹೋಗಿ ಮೊಪೆಡ್ ಬಂದಿತ್ತು. ಆದರೆ ಗಂಟಲು ಮಾತ್ರ ಗುಡ್ಡದ ಮೇಲೆ ಕುರಿ ಕರೆದು ಪಳಗಿದ ಗಂಟಲೇ. ಬೀದಿ ತುದಿಯಲ್ಲಿ ಕೂಗಿದರೆ ಬಂಡೆಗೆ ತಾಗಿ ಇನ್ನೊಂದು ಸಲ ಕೇಳುತ್ತಿತ್ತು.

ಒಂದು ಬೆಳಿಗ್ಗೆ ಮೊಪೆಡ್ಡಿಗೆ ಹೊಸ ಸ್ಪೀಕರ್ ಡಬ್ಬಿ ಕಟ್ಟಿಕೊಂಡು ಬಂದ. ನಮ್ಮ ಗೇಟಿನ ಮುಂದೆಯೇ ನಿಂತು, ಗುಂಡಿ ಒತ್ತಿ, ಕೂಗು ತುಂಬಿಸಿದ. "ಸೊಪ್ಪೋ ಸೊಪ್ಪು, ಮೆಂತ್ಯ, ಸಬ್ಬಸಿಗೆ, ಪಾಲಕ್..." ಅಷ್ಟರಲ್ಲಿ ನಮ್ಮ ಅತ್ತೆ ಬಾಗಿಲಿಗೆ ಬಂದರು. ಅವರಿಗೆ ದಂಟಿನ ಸೊಪ್ಪೆಂದರೆ ಪ್ರಾಣ. ಅವನು ದಿನದ ಅಭ್ಯಾಸದಂತೆ, "ಅಜ್ಜೀ, ದಂಟು ತಂದಿವ್ನಿ, ಬಾರಜ್ಜೀ" ಎಂದುಬಿಟ್ಟ. ಅದೂ ಡಬ್ಬಿಯೊಳಗೆ ಸೇರಿಕೊಂಡಿತು. ಅಳಿಸಿ ಮತ್ತೆ ತುಂಬಿಸುತ್ತೇನೆ ಅಂದ.

"ಇರ್ಲಿ ಬುಡ್ಲಾ, ಊರೆಲ್ಲ ನನ್ನ ಕರೀಲಿ," ಎಂದು ಅತ್ತೆ ನಕ್ಕರು.

ಅದೇ ವರ್ಷ ಮಳೆಗಾಲ ಮುಗಿಯುವುದರೊಳಗೆ ಅತ್ತೆ ಹೋಗಿಬಿಟ್ಟರು. ಶಿವಗಣಾರಾಧನೆ ಮುಗಿದು, ನೆಂಟರೆಲ್ಲ ಹೊರಟುಹೋದ ಮರುದಿನ ನಾನೊಬ್ಬಳೇ ಮಿಷನ್ ಮುಂದೆ ಕೂತಿದ್ದೆ. ಬೀದಿ ತುದಿಯಿಂದ ಕೇಳಿಸಿತು: "ಅಜ್ಜೀ, ದಂಟು ತಂದಿವ್ನಿ, ಬಾರಜ್ಜೀ." ಕ್ಷಣ ಬಿಟ್ಟು ಬಂಡೆಯೂ ಕರೆಯಿತು. ಒಳಮನೆಯಲ್ಲಿ ಅತ್ತೆಯ ಮಂಚ ಕಿರುಗುಟ್ಟಿದಂತಾಯಿತು. ಏಳುತ್ತಿದ್ದಾರೆ ಅಂದುಕೊಂಡೇ ತಿರುಗಿದೆ. ಮಂಚವನ್ನು ಬಿಚ್ಚಿ ಅಟ್ಟಕ್ಕೆ ಹಾಕಿ ಆಗಲೇ ಮೂರು ದಿನವಾಗಿತ್ತು.

ಆಮೇಲೆ ದಿನವೂ ಇದೇ. ತೀರಿಹೋದವರನ್ನು ಒಬ್ಬ ಬೀದಿಬೀದಿಯಲ್ಲಿ ಕರೆದುಕೊಂಡು ತಿರುಗುತ್ತಿದ್ದ. ಕೊನೆಗೆ ಒಂದು ದಿನ ಗೇಟು ಹಾರುಹೊಡೆದು ಹೊರಗೆ ಬಂದೆ.

"ಯಾರನ್ನಪ್ಪಾ ಕರೀತಿದೀಯ? ಗೊತ್ತಿಲ್ವಾ ನಿಂಗೆ? ಅದನ್ನ ತೆಗೆದು ಬೇರೆ ಕೂಗು ಹಾಕ್ಕೊಳ್ಳಕ್ಕಾಗಲ್ವಾ?"

ಅವನು ಡಬ್ಬಿ ಆರಿಸಿ ನನ್ನ ಹತ್ತಿರ ಬಂದ. ಬಾಯಿ ತೆರೆದ. ದನಿ ಬರಲಿಲ್ಲ, ಬರೀ ಗಾಳಿ. ಎರಡನೇ ಸಲಕ್ಕೆ ಪಿಸುಮಾತು ಹೊರಟಿತು.

"ಎಂಗಕ್ಕ ಕೂಗ್ಲಿ? ಗಂಟ್ಲಾಗೆ ಗಂಟಾಗೈತೆ. ಡಾಕ್ಟ್ರು ಕೂಗಲೇಬ್ಯಾಡ ಅಂದವ್ರೆ. ಇದೊಂದೇ ಉಳ್ದಿರೋದು."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅಂದಿನಿಂದ ಅವನನ್ನು ಕಿಟಕಿಯಿಂದ ನೋಡುವುದು ಇನ್ನೂ ಕಷ್ಟವಾಯಿತು. ಮೊಪೆಡ್ ಮೇಲಿನ ಮನುಷ್ಯ ವಾರದಿಂದ ವಾರಕ್ಕೆ ಸೊರಗುತ್ತಿದ್ದ. ಅವನ ಹಿಂದೆ ಕಟ್ಟಿದ್ದ ದನಿ ಮಾತ್ರ ಮೊದಲ ದಿನದಷ್ಟೇ ಗಟ್ಟಿ. ಗಿರಾಕಿಗಳು ಏನಾದರೂ ಕೇಳಿದರೆ ಅವನು ಕೈಸನ್ನೆ ಮಾಡುತ್ತಿದ್ದ, ಡಬ್ಬಿ ಅವನ ಬೆನ್ನ ಹಿಂದಿನಿಂದ ಕೂಗುತ್ತಲೇ ಇರುತ್ತಿತ್ತು.

ಬೇಸಿಗೆಯಲ್ಲಿ ಬರುವುದು ನಿಂತಿತು. ಒಂದೂವರೆ ತಿಂಗಳು ಬೀದಿ ತಣ್ಣಗಿತ್ತು. ನಿಜ ಹೇಳಬೇಕೆಂದರೆ ನನಗೆ ನೆಮ್ಮದಿಯಾಗಿತ್ತು. ಆಮೇಲೊಂದು ಬೆಳಿಗ್ಗೆ, ಬಂಡೆಯ ಮಾರುದನಿಯೂ ಸೇರಿ, ಅದೇ ಕೂಗು. ಹುಷಾರಾಗಿ ಬಂದನಲ್ಲ ಎಂದು ಖುಷಿಯಿಂದಲೇ ಬುಟ್ಟಿ ಹಿಡಿದು ಹೊರಗೆ ಹೋದೆ. ಮೊಪೆಡ್ ಹಿಡಿದು ನಿಂತಿದ್ದವಳು ಒಬ್ಬ ಹೆಂಗಸು. ಹಣೆ ಬರಿದಾಗಿತ್ತು.

"ಅವ್ರು ಹೋಗಿ ತಿಂಗ್ಳಾತು ಅಕ್ಕ," ಅಂದಳು. ಅವಳು ಮಾತಾಡುವಾಗಲೂ ಡಬ್ಬಿ ಕೂಗುತ್ತಿತ್ತು. "ನಾನೂ ಕೂಗ್ಕಂಡು ನೋಡ್ದೆ. ಒಬ್ರೂ ಈಚೆಗೆ ಬರ್ಲಿಲ್ಲ. ಅವ್ರ ದನಿ ಹಾಕಿದ್ರೆ ಬತ್ತಾರೆ."

ಸೊಪ್ಪು ಆರಿಸುವ ನೆಪದಲ್ಲಿ ತಲೆ ತಗ್ಗಿಸಿದೆ. "ಮನೇಲಿ ಇದನ್ನ ಇಟ್ಕೊಂಡಿರ್ತೀಯಲ್ಲ, ನಿಂಗೆ ಏನೂ ಅನ್ಸಲ್ವಾ?"

"ಚಾರ್ಜಿಗಾಕ್ದಾಗ ಕಂಬ್ಳಿ ಮುಚ್ತೀನಿ ಕಣಕ್ಕ. ಒಂದಿನ ಕೈ ತಾಗಿ ಕೂಗ್ಬುಡ್ತು. ನಮ್ಮತ್ತೆಗೆ ಕಣ್ಣು ಸರ್ಯಾಗಿ ಕಾಣಾಕಿಲ್ಲ. 'ಬಂದ್ಯೇನ್ಲಾ' ಅಂತ ಎದ್ದೋಗಿ ಬಾಗ್ಲು ತೆಗುದ್ರು. ತೆಗ್ದು ಅಂಗೇ ನಿಂತ್ಕಂಡಿದ್ರು."

ಡಬ್ಬಿಯ ಕೂಗು ಬದಲಾಯಿಸು ಅನ್ನುವ ಮಾತು ಮತ್ತೆ ನನ್ನ ಬಾಯಿಂದ ಬರಲಿಲ್ಲ.

ಇದಾದ ಕೆಲವು ತಿಂಗಳಿಗೆ ನನ್ನ ತಂಗಿಯ ಮಗಳ ಮದುವೆಯ ಬ್ಲೌಸುಗಳನ್ನು ಕೊಡಲು ಪಾವಗಡದ ಕಡೆಯ ತಿರುಮಣಿಗೆ ಹೋದೆ. ತಂಗಿಯ ಮನೆಯವರ ಹೊಲ ಸೋಲಾರ್ ಕರೆಂಟಿನವರಿಗೆ ಗುತ್ತಿಗೆ ಹೋಗಿದೆ. ಮಧ್ಯಾಹ್ನ ಊಟ ಮಾಡಿ ಬೇಲಿಯ ತನಕ ಒಬ್ಬಳೇ ನಡೆದೆ. ಕಣ್ಣು ಹಾಯುವಷ್ಟು ದೂರ ಕಪ್ಪು ಹಲಗೆಗಳು, ಎಲ್ಲವೂ ಒಂದೇ ಕಡೆ ಮುಖ ಮಾಡಿ. ದನವಿಲ್ಲ, ಮನುಷ್ಯರಿಲ್ಲ. ಎಲ್ಲೋ ಒಂದು ಕಡೆ ಸಣ್ಣಗೆ ಗುಂಯ್ ಅನ್ನುವ ಸದ್ದು. ಹೊರಡೋಣ ಅಂದುಕೊಳ್ಳುವಷ್ಟರಲ್ಲಿ ಆ ಹಲಗೆಗಳ ನಡುವಿನಿಂದ ಬಂದಂತೆ ಕೇಳಿಸಿತು:

"ಅಜ್ಜೀ, ದಂಟು ತಂದಿವ್ನಿ, ಬಾರಜ್ಜೀ."

ಅವನು ಮಣ್ಣಾಗಿದ್ದು ಎಲ್ಲೋ ಕೊರಟಗೆರೆಯ ಕಡೆ. ಅತ್ತೆ ಮಧುಗಿರಿಯಲ್ಲಿ. ಇಲ್ಲಿ ಯಾರು ಯಾರನ್ನು ಕರೆಯುತ್ತಿದ್ದಾರೆ? ಓಡಲೂ ಆಗದೆ, ನಿಲ್ಲಲೂ ಆಗದೆ, ಮನೆ ಕಡೆ ನಡೆದೆ. ಕೂಗು ನನ್ನ ಹಿಂದೆಯೇ ಬರುತ್ತಿತ್ತು, ಹತ್ತಿರವಾಗುತ್ತಿತ್ತು. ಜಗಲಿಯಲ್ಲಿದ್ದ ತಂಗಿ, "ಯಾಕಕ್ಕ, ಮೊಕ ಇಂಗಾಗೈತೆ?" ಎಂದು ಎದ್ದು ನಿಂತಳು.

ಬೇಲಿ ಪಕ್ಕದ ರಸ್ತೆಯಿಂದ ಸೊಪ್ಪು ತುಂಬಿದ ಒಂದು ಲಗೇಜ್ ಆಟೋ ತಿರುಗಿ ಬಂತು. ಅದರ ನೆತ್ತಿಯ ಮೇಲೆ ಡಬ್ಬಿ. ಓಡಿಸುತ್ತಿದ್ದವನನ್ನು ನಾನು ಹುಟ್ಟಿದಾರಭ್ಯ ನೋಡಿರಲಿಲ್ಲ. ಧೈರ್ಯ ಮಾಡಿ ಹತ್ತಿರ ಹೋಗಿ ಕೇಳಿದೆ, "ಇದು ಯಾರ ದನಿಯಪ್ಪಾ?"

"ಎವುರುದೋ ಏಮೋ ಅಮ್ಮ," ಯಾರದೋ ಏನೋ ಎಂದು ಆ ಕಡೆಯ ತೆಲುಗು ಬೆರೆಸಿ ಅಂದ. "ಶಿರಾದಾಗೆ ಡಬ್ಬ ತಗಂಡೆ, ಅಂಗಡಿಯೋನೇ ತುಂಬ್ಸಿ ಕೊಟ್ಟ. ಗಂಟ್ಲು ಗಟ್ಟಿಗೈತೆ ಅಂತ ಇನ್ನೂ ನಾಕೈದು ಜನ ಹಾಕ್ಸವ್ರೆ. ಮದಲೂರು ಕಡೀಕೂ ಒಬ್ಬ ಅವ್ನೆ."

"ಅಜ್ಜೀ ಅಂತಾನಲ್ಲ, ಯಾವ ಅಜ್ಜಿ ಅಂತ ಗೊತ್ತಾ?"

ಅವನು ನಕ್ಕ. "ಯಾವೂರಾಗೆ ಅಜ್ಜಿ ಇರಲ್ಲಮ್ಮ?"

ಅವನು ಹೇಳಿ ಮುಗಿಸುವಷ್ಟರಲ್ಲಿ ಎದುರು ಮನೆಯಿಂದ ಒಬ್ಬ ಮುದುಕಿ ಗೋಡೆ ಹಿಡಿದುಕೊಂಡು ಬಂದಳು. "ವಸ್ತಾ ಉಂಡಾ, ಬರ್ತಾ ಇವ್ನಿ, ಇರಪ್ಪಾ," ಎಂದು ಡಬ್ಬಿಗೇ ಉತ್ತರ ಕೊಡುತ್ತಿದ್ದಳು.

ಊರಿಗೆ ವಾಪಸಾದ ಮೇಲೆ ಅವನ ಹೆಂಡತಿಗೆ ಹೇಳುವುದೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಮೂರನೇ ದಿನ ಗೇಟಿನ ಬಳಿ ಎಲ್ಲವನ್ನೂ ಹೇಳಿಬಿಟ್ಟೆ. ಸೊಪ್ಪಿನವಳು ಡಬ್ಬಿ ಆರಿಸಿ ಕೇಳಿಸಿಕೊಂಡಳು. ಡಬ್ಬಿ ಒಮ್ಮೆ ಕೆಟ್ಟು ಶಿರಾದಲ್ಲಿ ರಿಪೇರಿಗೆ ಬಿಟ್ಟಿದ್ದರಂತೆ. ಅಂಗಡಿಯವನು ಆಗ ಕೂಗನ್ನು ಇಳಿಸಿಕೊಂಡಿರಬೇಕು. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ:

"ತಿರುಮಣಿಗೂ ಹೋಗವ್ರಾ? ಪಾವಗಡದ ದಿಕ್ಕೇ ನೋಡಿರ್ಲಿಲ್ವಲ್ಲಕ್ಕ ಅವ್ರು." ಆಮೇಲೆ, "ನನ್ನೊಂದಿನ ಕರ್ಕಂಡೋಗ್ತೀರಾ?"

ಹೋದೆವು. ಎರಡು ಬಸ್ಸು ಬದಲಾಯಿಸಿ, ತಂಗಿಯ ಮನೆಯ ಜಗಲಿಯಲ್ಲಿ ಕೂತೆವು. ಯಾರು, ಏಕೆ ಎಂದು ತಂಗಿಗೂ ಹೇಳಿರಲಿಲ್ಲ. ಬಿಸಿಲು ನೆತ್ತಿಗೇರಿದ ಮೇಲೆ ದೂರದಲ್ಲಿ ಕೂಗು ಹುಟ್ಟಿತು. ಅವಳು ನನ್ನ ಮೊಣಕೈ ಹಿಡಿದುಕೊಂಡಳು. ಆಟೋ ಇನ್ನೂ ಕಾಣಿಸುತ್ತಿರಲಿಲ್ಲ. ಬೇಲಿಯ ಆಚೆ ಈಚೆ ತಿರುಗಿ, ಹಲಗೆಗಳ ಮೇಲೆ ಹಾದು, ದನಿ ಮಾತ್ರ ನಮ್ಮ ಕಡೆ ಬರುತ್ತಿತ್ತು. ದೂರದೂರಿನಿಂದ ಮನೆಗೆ ಬರುವ ಗಂಡನ ದಾರಿ ಕಾಯುವವರ ಹಾಗೆ ಅವಳು ಸೆರಗು ಸರಿಮಾಡಿಕೊಂಡಳು.

ಆಟೋ ಬಂದಾಗ ಎದ್ದು ಹೋದಳು. ತಾನು ಯಾರೆಂದು ಹೇಳಲಿಲ್ಲ. ದಿನವೂ ಸೊಪ್ಪು ಮಾರುವವಳು, ಒಂದೊಂದೇ ಕಟ್ಟು ಎತ್ತಿ, ಬೇರು ನೋಡಿ, ಗಿರಾಕಿಯ ಹಾಗೆ ಚೌಕಾಸಿ ಮಾಡಿ ನಾಲ್ಕು ಕಟ್ಟು ಪಾಲಕ್ ಕೊಂಡಳು. ಹೊರಡುವಾಗ ಮೇಲಿದ್ದ ಡಬ್ಬಿಯ ಕಡೆ ನೋಡಿ, "ಅಣ್ಣ, ಮಳೇಲಿ ನೆನೆಸ್ಬ್ಯಾಡಪ್ಪ ಅದುನ್ನ," ಅಂದಳು. ಅವನಿಗೆ ಅರ್ಥವಾಗಲಿಲ್ಲ. ಆದರೂ ತಲೆಯಾಡಿಸಿದ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಸೊಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ಒರಗಿ ನಿದ್ದೆ ಹೋದಳು. ಮಧುಗಿರಿ ಬಂದಾಗ ನಾನೇ ಎಬ್ಬಿಸಬೇಕಾಯಿತು. ಆ ನಾಲ್ಕು ಕಟ್ಟನ್ನು ಮನೆಗೆ ಒಯ್ದು ಬೇಯಿಸಿದಳೋ, ಮರುದಿನ ಬೀದಿಯಲ್ಲಿ ಮಾರಿದಳೋ, ನಾನು ಕೇಳಲಿಲ್ಲ.