ಬಾವಿ ಗಿಡದ ಬಾಯಿಗೆ

ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಶಿಲೀಂಧ್ರಗಳ ಪಾಠ ಮುಗಿಸಿ, ಸಂಜೆ ಹುಮನಾಬಾದಿನ ಮನೆಗೆ ಬಂದು ನೋಡಿದರೆ ನನ್ನದೇ ಗಿಡದ ಮೇಲೆ ಬೆಳ್ಳನೆಯ ಬೂಷ್ಟು. ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಇಷ್ಟು ವರ್ಷ ಬೋರ್ಡಿನ ಮೇಲೆ ಅದರ ಚಿತ್ರ ಬರೆದು ಸೀಮೆಸುಣ್ಣ ಸವೆಸಿದವಳ ಮನೆಗೇ ಬರಬೇಕೇ ಅದು?

ಗಿಡವೆಂದರೆ ಜರೀಗಿಡ. ದುಡ್ಡು ಕೊಟ್ಟು ತಂದದ್ದಲ್ಲ. ಬಸವಕಲ್ಯಾಣದ ನನ್ನ ತವರುಮನೆಯ ಬಾವಿಯ ಒಳಗೋಡೆಯಲ್ಲಿ, ಕಲ್ಲಿನ ಸಂದಿಯಲ್ಲಿ ತಾನೇ ಹುಟ್ಟಿದ್ದು. ಅವ್ವ ನೀರು ಸೇದುವಾಗ ಕೊಡದಿಂದ ತುಳುಕಿದಷ್ಟೇ ಅದರ ಪಾಲು. ಕಳೆದ ವರ್ಷ ಅವ್ವ ತೀರಿಕೊಂಡಳು. ಕೆಲವು ತಿಂಗಳಾದ ಮೇಲೆ ಅಣ್ಣ ಬೋರ್ ಹಾಕಿಸಿ ಬಾವಿಯ ಮೇಲೆ ಸ್ಲ್ಯಾಬ್ ಮುಚ್ಚಿಸಿದ. ಮುಚ್ಚುವ ಹಿಂದಿನ ದಿನ ಬಾವಿಗಿಳಿದ ಕೆಲಸದವನಿಗೆ ಹೇಳಿ ಒಂದು ಬುಡ ಕೀಳಿಸಿಕೊಂಡೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾಗ ಕಂಡಕ್ಟರ್, "ಏನ್ರಿ ಟೀಚರ್, ಕೂಸಿನಂಗ ಹಿಡಕೊಂಡೀರಲ್ಲ" ಎಂದು ನಕ್ಕಿದ್ದ.

ಅದೇ ಹೊತ್ತಿಗೆ ನನ್ನ ಯಜಮಾನರಿಗೆ ವರ್ಗವಾಗಿ ನಾವು, ಅತ್ತೆ ಎಲ್ಲ ಹುಮನಾಬಾದಿಗೆ ಬಂದಿದ್ದೆವು. ಬಾಡಿಗೆಯ ಮೊದಲ ಮಹಡಿ, ಅಂಗಳವಿಲ್ಲ, ಹಿತ್ತಲಿಲ್ಲ. ನಮ್ಮ ಕಡೆಯ ಬಿಸಿಲಿಗೆ ಜರೀಗಿಡವನ್ನು ಹೊರಗಿಟ್ಟರೆ ಒಂದೇ ದಿನಕ್ಕೆ ಸುಟ್ಟ ಹಪ್ಪಳ. ಹಾಗಾಗಿ ನಡುಮನೆಯಲ್ಲಿ, ಅತ್ತೆ ಪೂಜೆಗೆ ಕೂರುವ ಮೂಲೆಯ ಪಕ್ಕದಲ್ಲೇ ಕುಂಡ ಇಟ್ಟೆ. ಎರಡು ತಿಂಗಳು ಚೆನ್ನಾಗಿ ಚಿಗುರಿತು. ಮಳೆಗಾಲ ಹಿಡಿದದ್ದೇ ತಡ, ಎಲೆಗಳ ಮೇಲೆ ಬಿಳಿ ಪದರ, ಅದರ ಕೆಳಗೆ ಕಪ್ಪು ಕಲೆ. ಮುಟ್ಟಿದರೆ ಎಲೆ ಮೆತ್ತಗೆ ಕೈಗೆ ಬರುತ್ತಿತ್ತು.

ನಾನು ಸುಮ್ಮನಿರುವ ಪೈಕಿಯವಳಲ್ಲ. ಅಡುಗೆ ಸೋಡಾ ಕಲಸಿದ ನೀರನ್ನು ದಿನಾ ಸಂಜೆ ಪಿಚಕಾರಿಯಿಂದ ಹೊಡೆದೆ. ಬೇವಿನೆಣ್ಣೆ ಹೊಡೆದೆ. ಸಂಜೆ ಒರೆಸಿ ತೆಗೆದ ಬಿಳುಪು ಮರುದಿನ ಸಂಜೆ ಮತ್ತೆ ಅಲ್ಲೇ ಕೂತಿರುತ್ತಿತ್ತು. ಒಂದೇ ದಿನಕ್ಕೆ ಇಷ್ಟು ಬೆಳೆಯುವ ಬೂಷ್ಟನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಎಲೆಗಳು ಉದುರಿ ಉದುರಿ ಏಳು ಉಳಿದವು. ಅವು ಹೋದರೆ ಅವ್ವನ ಬಾವಿಯದು ಎನ್ನಲು ನನ್ನ ಹತ್ತಿರ ಇನ್ನೇನೂ ಇರಲಿಲ್ಲ. ಒಂದು ಸಂಜೆ ಒರೆಸುವುದನ್ನೂ ಬಿಟ್ಟು ಅದರ ಮುಂದೆ ಕೂತು ಅತ್ತುಬಿಟ್ಟೆ.

ಮರುದಿನ ಬೆಳಗ್ಗೆ ಹುಷಾರಾಗಿ ಒಂದು ಎಲೆ ಕತ್ತರಿಸಿ ಡಬ್ಬಿಯಲ್ಲಿಟ್ಟುಕೊಂಡು ಶಾಲೆಗೆ ಹೋದೆ. ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರದ ಗೊಬ್ಬರದ ಅಂಗಡಿಗೆ ಹೊಕ್ಕೆ. ಹಣೆತುಂಬ ವಿಭೂತಿ ಹಚ್ಚಿದ ವಯಸ್ಸಾದ ಅಂಗಡಿಕಾರ.

"ಯಾವ ಬೆಳಿರಿ? ತೊಗರಿಯೋ, ಶುಂಠಿಯೋ?"

"ಜರೀಗಿಡರಿ."

"ಎಷ್ಟ ಎಕರೆ ಅದ?"

"ಒಂದ ಕುಂಡರಿ."

ಅವರು ನಗಲಿಲ್ಲ, ಅದು ಅವರ ದೊಡ್ಡತನ. ಎಲೆಯನ್ನು ಬೆಳಕಿಗೆ ಹಿಡಿದರು. ಬಿಳಿಯದನ್ನು ಬೆರಳಿಂದ ಉಜ್ಜಿದರು, ಮೂಸಿದರು. ಆಮೇಲೆ ನನ್ನ ಮುಖ ನೋಡಿದರು.

"ಟೀಚರ್, ಇದು ಬೂಷ್ಟ ಅಲ್ರಿ. ವಿಭೂತಿ."

ನನ್ನ ವಿಜ್ಞಾನವೆಲ್ಲ ಅಲ್ಲೇ ಇಳಿದುಹೋಯಿತು.

"ಕೆಳಗಿನ ಕರೀ ಕಲಿ ಮಾತ್ರ ಖರೇನ ರೋಗ," ಎಂದರು. "ಕೊಳಿಯಾಕತ್ತದ. ಮ್ಯಾಲಿಂದ ಯಾರೋ ದಿನಾ ನೀರ್ ಹಾಕಾಕತ್ತಾರ. ಮನ್ಯಾಗ ಗಾಳಿ ಇಲ್ಲ, ಎಲಿ ಹ್ಯಾಂಗ ಒಣಗಬೇಕು? ಔಷಧ ಏನೂ ಬ್ಯಾಡ. ಕೆಟ್ಟದ್ದ ಕೊಯ್ದ ಒಗೀರಿ, ಮಣ್ಣ ಬದಲಿ ಮಾಡ್ರಿ, ನೀರ್ ಕಡಿಮಿ ಮಾಡ್ರಿ."

ದಿನಾ ನೀರು ಹಾಕುತ್ತಿದ್ದವರಲ್ಲಿ ನಾನೂ ಒಬ್ಬಳು ಎನ್ನುವುದನ್ನು ಜಾಣತನದಿಂದ ಮರೆತು, ಉರಿಯುತ್ತಾ ಮನೆಗೆ ಬಂದೆ. ನಾನು ಎಂಟಕ್ಕೇ ಬಸ್ ಹಿಡಿಯುತ್ತೇನೆ; ಅತ್ತೆ ಎಲ್ಲರನ್ನೂ ಕಳಿಸಿ ಒಂಬತ್ತಕ್ಕೆ ಲಿಂಗಪೂಜೆಗೆ ಕೂರುತ್ತಾರೆ. ವಿಭೂತಿ ಕದಡಿದ ಪೂಜೆಯ ನೀರನ್ನು ಜನ ತುಳಿಯುವಲ್ಲಿ ಚೆಲ್ಲುವಂತಿಲ್ಲ. ಬಸವಕಲ್ಯಾಣದ ನಮ್ಮ ಹಳೆಯ ಮನೆಯಲ್ಲಿ ಅದು ಬಿಲ್ವಪತ್ರಿ ಗಿಡದ ಬುಡಕ್ಕೆ ಹೋಗುತ್ತಿತ್ತು. ಇಲ್ಲಿ ಮಹಡಿಯ ಮೇಲೆ ಮಣ್ಣೆಂಬುದು ಇದ್ದದ್ದು ನನ್ನ ಕುಂಡದಲ್ಲಿ ಮಾತ್ರ. ಬೇಸಿಗೆಯಲ್ಲಿ ಒಣಗಿ ಉದುರುತ್ತಿದ್ದ ವಿಭೂತಿ ಮಳೆಗಾಲದ ತೇವಕ್ಕೆ ಎಲೆಗೆ ಅಂಟತೊಡಗಿತ್ತು. ಇಷ್ಟು ದಿನ ನನಗೇಕೆ ಹೊಳೆಯಲಿಲ್ಲವೋ.

ಅತ್ತೆ ತೊಟ್ಟು, ನಾರು ತೆಗೆದು ಚವಳಿಕಾಯಿ ಸೋಸುತ್ತಾ ಕೂತಿದ್ದರು. ಚಪ್ಪಲಿ ಬಿಡುವ ಮೊದಲೇ ಅಂದೆ:

"ಅತ್ತಿ, ನೀರ್ ಹಾಕಿ ಹಾಕಿ ನಮ್ಮವ್ವನ ಗಿಡ ಕೊಲ್ಲಾಕತ್ತೀರಿ."

ಅವರು ಕಾಯಿ ಕೆಳಗಿಟ್ಟರು.

"ಹಾಕೋದಿದ್ರ ಬುಡಕ್ಕ ಹಾಕಬೇಕಿಲ್ರಿ? ತಲಿ ಮ್ಯಾಲ ಯಾಕ ಸುರೀತೀರಿ?"

"ಬಾಯಿಗಿ ಮುಟ್ಟಲಿ ಅಂತ, ಯವ್ವಾ," ಎಂದರು ಅತ್ತೆ.

ನನಗೆ ಅರ್ಥವಾಗಲಿಲ್ಲ. ಅವರು ತಲೆ ಎತ್ತದೆ ನಿಧಾನವಾಗಿ ಹೇಳಿದರು. ಅವ್ವನ ಕಡೆಯ ವಾರ ಅದು. ಕಿಡ್ನಿ ಕೆಟ್ಟು, ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹಾಕಿದ್ದರು. ನಾನು ಶಾಲೆಗೆ ಹೋದಾಗ ಅತ್ತೆ ಬಂದು ಅವ್ವನ ಹತ್ತಿರ ಕೂರುತ್ತಿದ್ದರು.

"ಅವತ್ತ ಬೀಗತ್ಯಾರು, ನಿಮ್ಮವ್ವ, ನನ್ನ ಕೈ ಹಿಡದು ಒಂದ ಗುಟಕ ನೀರ್ ಕೇಳಿದ್ರು. ನೀ ಕೊಡಬ್ಯಾಡ್ರಿ ಅಂತ ಹೇಳಿ ಹೋಗಿದ್ದಿ. ನಾ ಕೊಡಲಿಲ್ಲ. ಮರುದಿನ ಹೋಗೇಬಿಟ್ರು. ಈ ಗಿಡ ಮನಿಗಿ ಬಂದಾಗಿಂದ ಪೂಜಿ ಆದಕೂಡ್ಲೇ ಅವರಿಗೊಂದಿಷ್ಟ ಕೊಡ್ತೀನಿ. ಗಿಡಕ್ಕ ತ್ರಾಸ ಆಗ್ತದಂತ ನನಗೇನ ಗೊತ್ತು?"

ಹೌದು, ಕೊಡಬೇಡಿ ಎಂದು ಹೇಳಿ ಹೋಗಿದ್ದವಳು ನಾನೇ. ಬಾಗಿಲಲ್ಲಿ ನಿಂತು, ಬೆರಳೆತ್ತಿ, ಟೀಚರ್ ದನಿಯಲ್ಲಿ ಹೇಳಿದ್ದೆ. ಆ ಮಾತಿನ ಭಾರವನ್ನು ಒಂದು ವರ್ಷದಿಂದ ಅತ್ತೆ ಒಬ್ಬರೇ ಹೊತ್ತಿದ್ದರು, ನನ್ನ ಮುಂದೆ ಒಮ್ಮೆಯೂ ತೆಗೆದಿರಲಿಲ್ಲ. ಈಗ ಮತ್ತೆ ಬಂದು ಅದೇ ದನಿಯಲ್ಲಿ ನೀರು ಹಾಕಬೇಡಿ ಎನ್ನುತ್ತಿದ್ದೇನೆ. ನಾಚಿಕೆಯಾಯಿತು. ಅವರ ಪಕ್ಕದಲ್ಲಿ ಕೂತು ಚವಳಿಕಾಯಿ ಸೋಸತೊಡಗಿದೆ.

ಆ ಭಾನುವಾರ ಇಬ್ಬರೂ ಸೇರಿ ಗಿಡಕ್ಕೆ ಆರೈಕೆ ಮಾಡಿದೆವು. ಅತ್ತೆ ಕುಂಡ ಹಿಡಿದರು. ನಾನು ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಒರೆಸಿ ಕಲೆ ಬಿದ್ದ ಎಲೆಗಳನ್ನು ಬುಡಕ್ಕೇ ಕತ್ತರಿಸಿದೆ. ಉಳಿದದ್ದು ಎರಡು. ಹುಳಿವಾಸನೆಯ ಮಣ್ಣು ತೆಗೆದು, ಮರಳು ಬೆರೆಸಿದ ಹೊಸ ಮಣ್ಣು ತುಂಬಿ, ಬಿಸಿಲು ಬೀಳದ ಗಾಳಿ ಬರುವ ಕಿಟಕಿಗೆ ಸರಿಸಿದೆವು. ನನ್ನ ಪಿಚಕಾರಿಯನ್ನು ನಾನೇ ಅಟ್ಟಕ್ಕೆ ಎಸೆದೆ. ಅತ್ತೆ ಪೂಜೆಯನ್ನು ಏಳಕ್ಕೆ ತಂದುಕೊಂಡರು. ಮೆಟ್ಟಿಲಿಳಿಯಲು ಅವರ ಮೊಣಕಾಲು ಕೇಳುವುದಿಲ್ಲ, ಹಾಗಾಗಿ ಪೂಜೆಯ ನೀರಿನ ಬಟ್ಟಲು ಹಿಡಿದು ಬಸ್ಸಿಗೆ ಹೋಗುವಾಗ ಗೇಟಿನ ಬೇವಿನ ಬುಡಕ್ಕೆ ಹಾಕುವುದು ನನ್ನ ಕೆಲಸವಾಯಿತು.

ಜರೀಗಿಡದ ನೀರು ಮಾತ್ರ ಅತ್ತೆಯದೇ ಎಂದೆ. ಅವರ ತೋರುಬೆರಳನ್ನು ಹಿಡಿದು ಮಣ್ಣಿನಲ್ಲಿ ಊರಿ ತೋರಿಸಿದೆ. ತಣ್ಣಗಿದ್ದರೆ ಬೇಡ, ಒಣಗಿದ್ದರೆ ಬುಡಕ್ಕೆ ಒಂದು ಲೋಟ. ಅತ್ತೆಗೆ ಅದು ಸಾಲಲಿಲ್ಲ. ದಿನಾ ಬೆಳಗ್ಗೆ ಬೆರಳೂರಿ, ಬಾಗಿ ಕೇಳತೊಡಗಿದರು:

"ಬೀಗತ್ಯಾರ, ನೀರ್ ಬೇಕೇನ್ರಿ?"

ಮೊದಲ ದಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಅತ್ತೆ ಬಾಗಿಕೊಂಡೇ ಇದ್ದರು, ಉತ್ತರ ಬರುವವರೆಗೆ ಏಳದವರ ಹಾಗೆ. "ಮಣ್ಣ ತಣ್ಣಗದ ಏನ್ರಿ?" ಎಂದೆ. "ಅದ," ಎಂದರು. "ಹಂಗಾದ್ರ ಇವತ್ತ ಬ್ಯಾಡ್ರಿ," ಎಂದೆ ನಾನು, ಅವ್ವನ ಪರವಾಗಿ.

ಹತ್ತು ಹದಿನೈದು ದಿನ ಹೀಗೇ ನಡೆಯಿತು. ಒಂದು ಬೆಳಗ್ಗೆ ಬುಡದಲ್ಲಿ ಕಾಳಿನಷ್ಟು ಪುಟ್ಟದೊಂದು ಹಸಿರು ಸುರುಳಿ ತಲೆಯೆತ್ತಿತ್ತು. ಅದರ ಮೇಲೆ ಕಲೆಯಿರಲಿಲ್ಲ. ಅತ್ತೆ ಮಣ್ಣಿನಿಂದ ಬೆರಳು ತೆಗೆದು ನೋಡಿಕೊಂಡರು. ಒಣ ಪುಡಿ ಉದುರಿತು.

"ಬೀಗತ್ಯಾರ, ನೀರ್ ಬೇಕೇನ್ರಿ?"

"ಬೇಕ್ರಿ," ಎಂದೆ. "ಕೊಡ್ರಿ."

ಅತ್ತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಗುಟುಕಿನಷ್ಟು, ಬುಡಕ್ಕೆ ಹಾಕಿದರು.