ನೀಲಿ ಪರದೆ ಕಾಯಲಿಲ್ಲ

ಚಿನ್ನು, ಪುಟ್ಟಾ, ಘಾಟ್ಕೋಪರ್‌ನ ನಮ್ಮ ಮನೆಯ ಮೂಲೆಯಲ್ಲಿರುವ ಲಿನಕ್ಸ್ ಕಂಪ್ಯೂಟರನ್ನು ನಿಮ್ಮ ಅಮ್ಮ ಓದಿಗಾಗಿ ಕೊಂಡದ್ದು. ಕೆಲಸಕ್ಕೆ ಹೋಗುತ್ತಲೇ ಅವಳು ಪರೀಕ್ಷೆ ಕಟ್ಟಿದ್ದಳು. ದೊಡ್ಡ ಲೆಕ್ಕಗಳು ಬೇಗ ಆಗಲೆಂದು ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದಳು. ಡ್ರೈವರ್ ಎಂಬ ತಂತ್ರಾಂಶ ಸರಿಯಾಗಿ ಕೂರದೆ ಆ ಕಾರ್ಡ್ ಏಳುವುದಿಲ್ಲವಂತೆ. ನಾನು ಹೇಳಹೊರಟ ದಿನ ಸಂಜೆಯೊಳಗೆ ಅವಳು ಆ ಪರೀಕ್ಷೆಯ ಪ್ರಾಜೆಕ್ಟ್ ಒಪ್ಪಿಸಬೇಕಿತ್ತು, ಇಲ್ಲದಿದ್ದರೆ ಪಾಸಿಲ್ಲ.

ಅಜ್ಜ ಹೋದ ಮೇಲೆ ಹಗಲಲ್ಲಿ ಮನೆಯಲ್ಲಿ ನಾನೊಬ್ಬಳೇ. ಅವಳು ಅಂಧೇರಿಯ ಆಫೀಸಿನಿಂದಲೇ ಇಂಟರ್ನೆಟ್ ಮೂಲಕ ಮನೆಯ ಕಂಪ್ಯೂಟರಿಗೆ ಡ್ರೈವರ್ ಹಾಕಿ ಫೋನ್ ಮಾಡಿದಳು. "ಅಮ್ಮ, ಈಗ ಅದು ಬಂದ್ ಆಗಿ ಚಾಲೂ ಆಗ್ತದೆ. ನೀಲಿ ಪರದೆ ಬಂದ ಕೂಡಲೇ ಯಾವ್ದಾದ್ರೂ ಒಂದು ಕೀ ಒತ್ತು. ಮತ್ತೆ ನಾನು ಹೇಳ್ತೇನೆ."

ನೀಲಿ ಪರದೆ ಬಂತು. ನನ್ನ ಕೈತುಂಬ ದೋಸೆ ಹಿಟ್ಟು. ಓದುಬರಹದ ವಸ್ತುವನ್ನು ಅಡುಗೆಯ ಕೈಯಲ್ಲಿ ಮುಟ್ಟಬಾರದೆಂದು ಊರ ಶಾಲೆಯಲ್ಲಿ ಕಲಿತದ್ದು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಓಡಿಹೋಗಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದೆ. ಅಷ್ಟರಲ್ಲಿ ನೀಲಿ ಹೋಗಿ ಎಂದಿನ ಚಿತ್ರ ಬಂದಿತ್ತು. ಫೋನಿನಲ್ಲಿ ಅವಳಿಗೆ ಆದದ್ದನ್ನು ಹೇಳಿದೆ.

"ಕೈ ತೊಳೀಲಿಕ್ಕೆ ಹೋದದ್ದಾ? ಎಂತಮ್ಮ, ಪೂಜೆಗೆ ಕೂತದ್ದಾ ನೀನು?" ಎಂದು ನಕ್ಕಳು. ದನಿ ಮಾತ್ರ ಸಣ್ಣಗಾಗಿತ್ತು.

"ಇನ್ನೊಮ್ಮೆ ಬರುದಿಲ್ವಾ ಅದು?"

"ಅದು ಹತ್ತು ಸೆಕೆಂಡು ಮಾತ್ರ ಕಾಯುದು. ಆಗ ಒಪ್ಪಿಗೆ ಕೊಡದಿದ್ರೆ ಡ್ರೈವರ್ ಕೂರುದಿಲ್ಲ, ಮತ್ತೆ ಮೊದಲಿಂದ ಮಾಡ್ಬೇಕು. ಮೀಟಿಂಗಿಗೆ ಕರೀತಿದ್ದಾರೆ. ಇನ್ನು ಮನೆಗೆ ಬಂದೇ ನೋಡುದು."

ಅವಳು ಬಂದು ಕಾರ್ಡನ್ನು ಎಬ್ಬಿಸುವಷ್ಟರಲ್ಲಿ ಪ್ರಾಜೆಕ್ಟ್ ಒಪ್ಪಿಸುವ ಹೊತ್ತು ಮೀರಿತ್ತು. ಪಕ್ಕದಲ್ಲಿ ಚಹಾ ಇಡುವುದರ ಹೊರತು ನನಗೆ ಏನೂ ತೋಚಲಿಲ್ಲ. ಆ ವರ್ಷ ಅವಳು ಪಾಸಾಗದಿದ್ದುದು ಓದದೆ ಅಲ್ಲ, ಮಕ್ಕಳೇ. ಯಾರಾದರೂ ಅವಳು ಓದಲಿಲ್ಲ ಅಂದರೆ ನಾನು ಎದುರು ಮಾತಾಡುವವಳಲ್ಲ. ಅವರಿಗೆ ತೋರಿಸಲಿಕ್ಕಾದರೂ ನಾನು ಬರೆದ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.